ಅಡುತ್ತ ನಿಲೈಯಂ

ಮಂಗಳೂರಿನಿಂದ ಹೊರಟ ಮೇಲ್ ಗಾಡಿ ಕಾಸರಗೋಡಿಗೆ ಬರುವಾಗ ಮಧ್ಯಾಹ್ನ. ಚೆನ್ನೈ ಸೆಂಟ್ರಲ್ ಮುಟ್ಟುವಾಗ ಮರುದಿನದ ಬೆಳಕು ಇನ್ನೂ ಸರಿಯಾಗಿ ಹರಿದಿರುವುದಿಲ್ಲ. ಅಂಥದೊಂದು ನಸುಕಿನಲ್ಲಿ ಕಾಸರಗೋಡಿನ ಹುಡುಗಿಯೊಬ್ಬಳು ಅಲ್ಲಿ ಇಳಿದಳು. ಕೈಯಲ್ಲಿ ಸೂಟ್‌ಕೇಸು, ಹೆಗಲಿನ ಚೀಲದಲ್ಲಿ ಅಮ್ಮ ಕಟ್ಟಿಕೊಟ್ಟ ಹಲಸಿನ ಹಪ್ಪಳ. ಬಂದದ್ದು ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಕನ್ನಡ ಓದಲು.

‘ಕನ್ನಡ ಓದಲು ಚೆನ್ನೈಗಾ?’ ಎಂದು ಊರಿನಲ್ಲಿ ನಕ್ಕವರೇ ಹೆಚ್ಚು. 1956ರವರೆಗೆ ಕಾಸರಗೋಡು ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು, ಅಲ್ಲಿನ ಅಜ್ಜಂದಿರಿಗೆ ರಾಜಧಾನಿಯೆಂದರೆ ಈ ಊರೇ ಆಗಿತ್ತು ಎಂಬುದನ್ನು ನಕ್ಕವರು ಮರೆತಿದ್ದರು. ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಕಿಟೆಲ್ ನಿಘಂಟಿನ ನಾಲ್ಕು ಸಂಪುಟಗಳನ್ನು 1968ರಿಂದ ಮುಂದೆ ಹೊರತಂದದ್ದೂ ಇದೇ ವಿಶ್ವವಿದ್ಯಾಲಯ.

ಬಾಡಿಗೆಯ ಕೋಣೆ ಸೈದಾಪೇಟೆಯಲ್ಲಿತ್ತು. ಸೆಂಟ್ರಲ್‌ನಿಂದ ನೀಲಿ ಮಾರ್ಗದಲ್ಲಿ ಏಳು ನಿಲ್ದಾಣ, ಸುಮಾರು ಕಾಲು ಗಂಟೆಯ ದಾರಿ. ಆದರೆ ಸೆಂಟ್ರಲ್‌ನ ನೆಲದಡಿಯಲ್ಲಿ ನೀಲಿ, ಹಸಿರು ಎರಡೂ ಮಾರ್ಗಗಳಿವೆ. ನೀಲಿಯದು ಅಲ್ಲಿಂದ ಹಾದುಹೋಗುತ್ತದೆ. ಹಸಿರಿನದು ಅಲ್ಲೇ ಶುರುವಾಗುವುದರಿಂದ ಬಾಗಿಲು ತೆರೆದು ನಿಂತಿತ್ತು. ನಿಂತಿದ್ದ ರೈಲನ್ನು ಅವಳು ಹತ್ತಿದಳು. ಗಾಜಿನ ಗೋಡೆಯ ಬಾಗಿಲು ಮುಚ್ಚಿತು. ‘ಅಡುತ್ತ ನಿಲೈಯಂ...’ ಎಂದು ಹೆಣ್ಣುದನಿಯೊಂದು ಶುರುಮಾಡಿತು. ನಿದ್ದೆಗಣ್ಣಿನ ಅವಳಿಗೆ ಯಾರೋ ಅಡುಗೆಮನೆಯಿಂದ ಮಾತಾಡಿದ ಹಾಗೆ ಕೇಳಿಸಿತು.

ಸುರಂಗದಲ್ಲಿ ದಾರಿ ತಪ್ಪಿದ್ದು ಗೊತ್ತಾಗುವುದಿಲ್ಲ. ಕಿಟಕಿಯಾಚೆ ಎಲ್ಲ ಕಡೆಯೂ ಅದೇ ಕತ್ತಲು. ಎಗ್ಮೋರ್, ಕಿಲ್ಪಾಕ್, ಶೆಣೈ ನಗರ, ತಿರುಮಂಗಲಂ. ಆಮೇಲೆ ರೈಲು ಮೇಲೇರಿ ಬೆಳಕಿಗೆ ಬಂದುಬಿಟ್ಟಿತು. ಸೈದಾಪೇಟೆಯಿರುವುದು ನೆಲದಡಿಯಲ್ಲಿ ಎಂದು ಅವಳು ಓದಿಕೊಂಡಿದ್ದಳು. ಬೆಳಕು ಕಂಡದ್ದೇ ಎದೆ ಧಸಕ್ಕೆಂದಿತು. ಯಾರನ್ನಾದರೂ ಕೇಳಬಹುದಿತ್ತು. ಕೇಳಲಿಲ್ಲ. ಬಾಗಿಲ ಮೇಲಿನ ನಕ್ಷೆಯನ್ನು ದಿಟ್ಟಿಸಿದಳು. ಸೆಂಟ್ರಲ್‌ನಲ್ಲಿ ಬೇರೆಯಾದ ಎರಡು ಬಣ್ಣಗಳು ಆಲಂದೂರಿನಲ್ಲಿ ಮತ್ತೆ ಸೇರುತ್ತಿದ್ದವು. ಅಲ್ಲಿ ಇಳಿದು, ಬಣ್ಣದ ಫಲಕಗಳ ಬೆನ್ನುಹತ್ತಿ, ನೀಲಿ ರೈಲಿನಲ್ಲಿ ಇನ್ನೊಂದು ದಿಕ್ಕಿನಿಂದ ಸೈದಾಪೇಟೆ ತಲುಪಿದಳು. ಕಾಲು ಗಂಟೆಯ ದಾರಿಗೆ ಒಂದು ಗಂಟೆಯ ಹತ್ತಿರ ಹಿಡಿಯಿತು. ಒಂದೇ ಒಂದು ಮಾತಾಡಬೇಕಾಗಿ ಬರಲಿಲ್ಲ ಎಂಬುದೇ ಅವಳಿಗೆ ದೊಡ್ಡ ಸಮಾಧಾನ.

ಆ ಸಮಾಧಾನಕ್ಕೊಂದು ಹಿನ್ನೆಲೆಯಿತ್ತು. ಗಡಿಯೂರಿನ ಕನ್ನಡ ಶಾಲೆಯ ಮಗು ಕಚೇರಿಯ ಕಿಟಕಿಯಲ್ಲಿ ನಿಂತು ಮಲಯಾಳದಲ್ಲಿ ತಡವರಿಸಿದಾಗ ಒಳಗಿನವರು ಪರಸ್ಪರ ಮುಖ ನೋಡಿ ನಕ್ಕ ನಗು ಅವಳ ಕಿವಿಯಲ್ಲಿ ಉಳಿದಿತ್ತು. ತಪ್ಪಾಗಿ ಮಾತಾಡುವುದಕ್ಕಿಂತ ಸುಮ್ಮನಿರುವುದು ಲೇಸು ಎಂಬ ಪಾಠ ಅಂದೇ ಆಗಿತ್ತು.

ಸುಮ್ಮನಿರಲು ಮೆಟ್ರೊಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. 2015ರ ಜೂನ್ 29ರಂದು ಕೋಯಂಬೇಡು–ಆಲಂದೂರು ನಡುವೆ ನೆಲದ ಮೇಲೆ ಓಡಲು ಶುರುಮಾಡಿದ ಈ ರೈಲು ಸುರಂಗಕ್ಕೆ ಇಳಿದದ್ದು 2017ರ ಮೇ ತಿಂಗಳಲ್ಲಿ. ಅಣ್ಣಾ ಸಾಲೈ ಕೆಳಗಿನ ಮಾರ್ಗ ಪೂರ್ತಿಯಾದದ್ದು 2019ರ ಫೆಬ್ರುವರಿಯಲ್ಲಿ. ಟಿಕೆಟ್ 10 ರೂಪಾಯಿಯಿಂದ 50ರವರೆಗೆ. ಕಾರ್ಡ್ ಇದ್ದರೆ ನೂರಕ್ಕೆ ಇಪ್ಪತ್ತು ಕಡಿತ. ಕಾರ್ಡ್ ಮುಟ್ಟಿಸಿದರೆ ಗೇಟು ತೆರೆಯುತ್ತದೆ. ಯಾವ ಊರು, ಯಾವ ಭಾಷೆ ಎಂದು ಕೇಳುವುದಿಲ್ಲ. ಬೆಳಿಗ್ಗೆ ಸೈದಾಪೇಟೆಯಲ್ಲಿ ಹತ್ತಿ, ಗವರ್ನಮೆಂಟ್ ಎಸ್ಟೇಟ್‌ನಲ್ಲಿ ಇಳಿದು, ವಾಲಾಜಾ ರಸ್ತೆಯಲ್ಲಿ ಚೆಪಾಕ್ ಕ್ರೀಡಾಂಗಣ ದಾಟಿ, ಸಮುದ್ರ ಕಂಡಾಗ ಬಲಕ್ಕೆ ಹೊರಳಿ ಮರೀನಾ ಆವರಣಕ್ಕೆ ನಡೆಯುವುದು. ಸಂಜೆ ಅದೇ ದಾರಿ.

ವಿಭಾಗದಲ್ಲಿ ಕನ್ನಡ. ಕೋಣೆಯಲ್ಲಿ ಫೋನು. ಎರಡರ ನಡುವೆ ದೊಡ್ಡದೊಂದು ಊರಿತ್ತು, ಅದರೊಡನೆ ಮಾತಿರಲಿಲ್ಲ. ‘ಇವತ್ತು ಯಾರ ಹತ್ರ ಮಾತಾಡಿದಿ?’ ಎಂದು ಅಮ್ಮ ದಿನವೂ ಕೇಳುತ್ತಿದ್ದಳು. ಮೂರನೆಯ ವಾರ ಆ ಪ್ರಶ್ನೆಗೆ ಗಂಟಲು ಕಟ್ಟಿತು. ಊರಿಗೆ ಮರಳುವ ಟಿಕೆಟಿನ ದರವನ್ನು ಅವಳು ಅಂದು ರಾತ್ರಿ ಎರಡು ಸಲ ನೋಡಿದಳು.

ಬಾಯಿ ಮುಚ್ಚಿದ್ದರೂ ಕಿವಿ ಮಾತ್ರ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಫಲಕದಲ್ಲಿ ಮೇಲೆ ತಮಿಳು, ಕೆಳಗೆ ಇಂಗ್ಲಿಷ್. ಎರಡನ್ನೂ ಜೋಡಿಸಿ ಅಕ್ಷರ ಕೂಡಿಸಿದಳು. ತಾನು ದಿನವೂ ಇಳಿಯುವ ಗವರ್ನಮೆಂಟ್ ಎಸ್ಟೇಟ್ ತಮಿಳಿನಲ್ಲಿ ‘ಅರಸಿನರ್ ತೋಟ್ಟಂ’. ಅರಸು, ತೋಟ: ಎರಡೂ ಮನೆಯ ಮಾತುಗಳೇ. ಮದ್ರಾಸಿನ ಗವರ್ನರರು ವಾಸವಿದ್ದ ಜಾಗ ಅದು. ಅಜ್ಜಂದಿರ ಕಾಸರಗೋಡನ್ನು ಆಳಿದವರೂ ಅವರೇ. ಥೌಸಂಡ್ ಲೈಟ್ಸ್ ಎಂದರೆ ‘ಆಯಿರಂ ವಿಳಕ್ಕು’. ವಿಳಕ್ಕಿನ ವಕಾರವನ್ನು ಬಕಾರ ಮಾಡಿದರೆ ಬೆಳಕು. ‘ಕದವು’ ಕದ, ‘ಇಡದು’ ಎಡ, ‘ವಲದು’ ಬಲ. ಲಿಟಲ್ ಮೌಂಟ್ ‘ಚಿನ್ನಮಲೈ’ ಆದಾಗ ಮಾತ್ರ ಮೋಸಹೋದಳು. ಅದು ಹೊನ್ನಿನ ಬೆಟ್ಟವಲ್ಲ, ಬರೀ ಚಿಕ್ಕ ಬೆಟ್ಟ. ಹೊರಹೋಗುವ ‘ವಳಿ’ ಎಂಬ ಮಾತು ಕಂಡ ದಿನ ತರಗತಿಯ ಹಳಗನ್ನಡ ನೆನಪಾಯಿತು. ಅಲ್ಲಿ ‘ಬೞಿ’ ಎಂದರೆ ದಾರಿ. ಕನ್ನಡ ಕಳೆದುಕೊಂಡ ಆ ‘ೞ’ ತಮಿಳಿನ ಹೆಸರಿನಲ್ಲೇ ಇನ್ನೂ ಉಳಿದಿದೆ. ಪುಸ್ತಕದಲ್ಲಿ ಸತ್ತು ಮಲಗಿದ್ದ ಅಕ್ಷರ ಇಲ್ಲಿ ಬಾಣದ ಗುರುತಿನ ಪಕ್ಕ ನಿಂತು ದಾರಿ ತೋರಿಸುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ, ರೈಲು ಎಜಿ–ಡಿಎಂಎಸ್ ಬಿಟ್ಟ ಕೂಡಲೇ, ಪಕ್ಕದ ಅಜ್ಜಿ ಅವಳ ಮೊಣಕೈ ಮುಟ್ಟಿದಳು. ‘ಆಯಿರಂ ವಿಳಕ್ಕು?’

ಹುಡುಗಿ ಯೋಚಿಸಲಿಲ್ಲ. ಯೋಚಿಸಿದ್ದರೆ ಬಹುಶಃ ತಲೆಯಾಡಿಸಿ ಸುಮ್ಮನಾಗುತ್ತಿದ್ದಳು. ‘ಅಡುತ್ತ ನಿಲೈಯಂ’ ಎಂದಳು. ಅದರ ಬೆನ್ನಿಗೇ ಮೇಲಿನ ದನಿಯೂ ಅದನ್ನೇ ಹೇಳಿತು. ಅಜ್ಜಿ ನಕ್ಕಳು. ಯಾವ ಊರು ಎಂದಳು. ಕಾಸರಗೋಡು. ಮಲೈಯಾಳಮಾ? ‘ಇಲ್ಲೈ, ಕನ್ನಡಂ.’ ‘ನಲ್ಲಾ ಪೇಸುರೆ’ ಎಂದು ಹೇಳಿ, ಚೀಲ ಎತ್ತಿಕೊಂಡು ಅಜ್ಜಿ ಇಳಿದುಹೋದಳು. ಚೆನ್ನಾಗಿ ಮಾತಾಡುತ್ತೀಯ, ಅಂತೆ! ಆಡಿದ್ದು ಎಣಿಸಿ ಐದೇ ಮಾತು, ಅದರಲ್ಲಿ ಎರಡು ರೈಲಿನವು. ಆದರೂ ಕಿಟಕಿಯಾಚೆಯ ನಗು ಕೇಳಿದ್ದ ಕಿವಿಗೆ ಆ ಮಾತು ಹೋಗಿ ಮುಟ್ಟಿತು.

ಅಂದು ಅರಸಿನರ್ ತೋಟ್ಟಂನಲ್ಲಿ ಮೇಲೆ ಬಂದವಳು ಎದುರಿನ ಅಂಗಡಿಯಲ್ಲಿ ಚಹಾ ಕೇಳಿ ಕುಡಿದಳು.

ರಾತ್ರಿ ಅಮ್ಮನ ಪ್ರಶ್ನೆ ಎಂದಿನಂತೆ ಬಂತು.

‘ಒಬ್ಬರು ಅಜ್ಜಿಯ ಹತ್ರ. ಅಡುತ್ತ ನಿಲೈಯಂ ಅಂದೆ.’

‘ಏನು ಅಡುತ್ತಾ ಇದ್ದೀ?’ ಎಂದಳು ಅಮ್ಮ. ‘ಹಪ್ಪಳ ಕರಿದಿಯಾ?’