ಒಂದು ಅಪಾಸ್ಟ್ರಫಿ ಕಥೆ (ಕೋಡ್ ಕಲಿತ ಕಥೆಗಳು – ಭಾಗ 7)

ಫಾರ್ಮ್ ತುಂಬಿ ಸಬ್‌ಮಿಟ್ ಒತ್ತಿದ್ಮೇಲೆ ಹಸಿರು ಟಿಕ್ ಬಂದ್ರೆ ನೀವು ನಂಬ್ತೀರಿ ಅಲ್ವಾ? ಅವಳೂ ನಂಬಿದ್ಲು.

ಸೆಕೆಂಡ್ ಇಯರ್‌ನಲ್ಲಿ ಒಂದು ವರ್ಕ್‌ಶಾಪ್‌ಗೆ ರಿಜಿಸ್ಟ್ರೇಷನ್ ಪೇಜ್ ಮಾಡಿದ್ದು ನಾನೇ. ಪಿಎಚ್‌ಪಿ, ಮೈಎಸ್‌ಕ್ಯೂಎಲ್, ಎರಡೇ ರಾತ್ರಿ ಕೆಲಸ. ಆ ದಿನ ಬೆಳಿಗ್ಗೆ ಮಂಗಳೂರಿಂದ ರಾತ್ರಿ ಬಸ್ಸಲ್ಲಿ ಬಂದ ಹುಡುಗಿಯೊಬ್ಬಳು ಡೆಸ್ಕ್ ಮುಂದೆ ನಿಂತ್ಲು. ಲಿಸ್ಟಲ್ಲಿ ಹೆಸರಿಲ್ಲ. ಸೀಟೂ ಖಾಲಿ ಇಲ್ಲ. ಹಸಿರು ಟಿಕ್‌ನ ಸ್ಕ್ರೀನ್‌ಶಾಟ್ ತೋರಿಸಿದ್ಲು. "ನೀವೇ ಏನೋ ತಪ್ಪು ತುಂಬಿರ್ತೀರ" ಅಂದೆ. ಏನೂ ಮಾತಾಡದೆ ಬ್ಯಾಗ್ ಎತ್ಕೊಂಡು ಹೋದ್ಲು.

ರಾತ್ರಿ ಮನಸ್ಸು ತಡೀಲಿಲ್ಲ. ಅವಳ ಹೆಸರನ್ನೇ ಟೈಪ್ ಮಾಡಿ ನೋಡಿದೆ. ಸರ್‌ನೇಮ್ ಡಿ'ಸೋಜಾ. ಕರಾವಳಿಯಲ್ಲಿ ಎಷ್ಟೋ ಮನೆಗಳ ಹೆಸರು ಅದು.

ನಾನು ಮಾಡಿದ್ದ ತಪ್ಪು ಕೇಳಿ. ಫಾರ್ಮಿಂದ ಬಂದ ಹೆಸರನ್ನ ನೇರವಾಗಿ ಎಸ್‌ಕ್ಯೂಎಲ್ ವಾಕ್ಯದೊಳಗೆ ಅಂಟಿಸಿದ್ದೆ. ಎಸ್‌ಕ್ಯೂಎಲ್‌ನಲ್ಲಿ ಪಠ್ಯ ಶುರುವಾಗೋದೂ ಮುಗಿಯೋದೂ ಅದೇ ಗುರುತಿನಿಂದ. ಹಾಗಾಗಿ ಡೇಟಾಬೇಸ್‌ಗೆ ಅವಳ ಹೆಸರು "ಡಿ"ಗೇ ಮುಗಿದುಹೋಯ್ತು. ಉಳಿದ "ಸೋಜಾ" ಅರ್ಥವಾಗದ ಆಜ್ಞೆ. ಎರರ್ ಬಂತು. ಆದರೆ ಎರರ್ ಕಾಣಿಸಿದ್ರೆ ಅವಮಾನ ಅಂತ ನಾನು ಖಾಲಿ ಕ್ಯಾಚ್ ಬ್ಲಾಕ್ ಹಾಕಿದ್ದೆ. ಕೆಳಗಿನ ಸಾಲು ಖುಷಿಯಾಗಿ ಹಸಿರು ಟಿಕ್ ತೋರಿಸ್ತು.

ಇದೇ ತೂತಿನಿಂದ ಕಳ್ಳರೂ ನುಗ್ತಾರೆ. ಅದೇ ಎಸ್‌ಕ್ಯೂಎಲ್ ಇಂಜೆಕ್ಷನ್. 1998ರಲ್ಲೇ ಫ್ರ್ಯಾಕ್ ಅನ್ನೋ ಹ್ಯಾಕರ್ ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದಿದ್ರು. ನಾನು ಹುಟ್ಟೋಕೂ ಮುಂಚೆ!

ಅಪಾಸ್ಟ್ರಫಿ ತೆಗೆದುಹಾಕಿದ್ರೆ ಆಯ್ತಲ್ಲ ಅಂತೀರಾ? ಬೇಡ. ಹೆಸರು ಅವಳದು, ಅದನ್ನ ಕತ್ತರಿಸೋಕೆ ನಾವ್ಯಾರು? ಮಾಡಬೇಕಾದ್ದು ಇಷ್ಟು:

1. ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಿ. ಆಜ್ಞೆ ಬೇರೆ, ಡೇಟಾ ಬೇರೆ ಹೋಗುತ್ತೆ. ಪಿಎಚ್‌ಪಿಯ ಪಿಡಿಒದಲ್ಲಿ ಎರಡು ಸಾಲು ಸಾಕು.
2. ತಪಾಸಣೆ ಸರ್ವರ್‌ನಲ್ಲೂ ಇರಲಿ. ಬ್ರೌಸರ್‌ನಲ್ಲಿರೋ "ರಿಕ್ವೈರ್ಡ್" ಅನ್ನೋದನ್ನ ಯಾರು ಬೇಕಾದ್ರೂ ಅಳಿಸಬಹುದು.
3. ಡೇಟಾ ಸೇವ್ ಆದ್ಮೇಲೆ ಮಾತ್ರ ಹಸಿರು ಟಿಕ್. ಆಗದಿದ್ರೆ ಆಗಿಲ್ಲ ಅಂತ ಹೇಳಿ, ತುಂಬಿದ್ದನ್ನ ಅಳಿಸಬೇಡಿ, ಎರರನ್ನ ಲಾಗ್‌ನಲ್ಲಿ ಬರೆದಿಡಿ.
4. ಸೇವ್ ಆದ್ಕೂಡಲೇ ಬೇರೆ ಪೇಜಿಗೆ ರೀಡೈರೆಕ್ಟ್ ಮಾಡಿ. ಇಲ್ಲಾಂದ್ರೆ ರಿಫ್ರೆಶ್ ಒತ್ತಿದವರ ಹೆಸರು ಎರಡು ಸಲ ಸೇರುತ್ತೆ.
5. ಹೆಸರನ್ನ ಪೇಜಲ್ಲಿ ತೋರಿಸುವಾಗ ಎಸ್ಕೇಪ್ ಮಾಡಿ. ಯಾರೋ ಹೆಸರಿನ ಜಾಗದಲ್ಲಿ ಸ್ಕ್ರಿಪ್ಟ್ ಬರೆದಿರಬಹುದು.

ಕೋಡ್ ಸರಿ ಮಾಡೋಕೆ ಇಪ್ಪತ್ತು ನಿಮಿಷ ಸಾಕಾಯ್ತು. ಅವಳಿಗೆ ಸಾರಿ ಕೇಳೋಣ ಅಂತ ಫೋನ್ ನಂಬರ್ ಹುಡುಕಿದೆ. ಎಲ್ಲಿಂದ ಸಿಗ್ಬೇಕು? ಆ ಸಾಲು ಡೇಟಾಬೇಸ್‌ಗೆ ಬಂದೇ ಇರ್ಲಿಲ್ವಲ್ಲ.

ಇವತ್ತೇ ನಿಮ್ಮ ಪ್ರಾಜೆಕ್ಟ್ ಫಾರ್ಮಲ್ಲಿ ಒಂದ್ಸಲ ಡಿ'ಸೋಜಾ ಅಂತ ತುಂಬಿ ನೋಡಿ. ಏನಾಯ್ತು ಅಂತ ಕೆಳಗೆ ಬರೀರಿ. ನಗಲ್ಲ, ಪ್ರಾಮಿಸ್.

#ಕನ್ನಡದಲ್ಲಿ_ಕೋಡಿಂಗ್ #ಕೋಡ್_ಕಲಿತ_ಕಥೆಗಳು