ಉಪವಾಸದ ಮರ್ಮ

ಏಕಾದಶಿಯ ಉಪವಾಸವನ್ನೂ ರಂಜಾನ್ ಮಾಸದ ಉಪವಾಸವನ್ನೂ ನೋಡುತ್ತ ಮೈಸೂರು ನಗರದಲ್ಲಿ ಬೆಳೆದ ನಮಗೆ ಉಪವಾಸವೆಂಬುದು ಅಪರಿಚಿತವಾದ ಮಾತಲ್ಲ. ನಮ್ಮ ಕರ್ತನು ಅರಣ್ಯದಲ್ಲಿ ಕಳೆದ 40 ದಿವಸಗಳ ಸ್ಮರಣಾರ್ಥವಾಗಿ, ಬೂದಿ ಬುಧವಾರದಿಂದ ಈಸ್ಟರ್ ಹಬ್ಬದ ಹಿಂದಿನ ದಿನದವರೆಗೆ, ಭಾನುವಾರಗಳನ್ನುಳಿದು, ಕ್ರೈಸ್ತರು ಲೆಂಟ್ ಕಾಲವನ್ನು ಆಚರಿಸುತ್ತಾರಷ್ಟೆ.

ನಾವು ವಿದ್ಯಾರ್ಥಿನಿಲಯದಲ್ಲಿದ್ದಾಗ ಆ ಕಾಲದ ಶುಕ್ರವಾರಗಳಲ್ಲಿ ಇಚ್ಛೆಯುಳ್ಳವರು ಮಧ್ಯಾಹ್ನದ ಊಟವನ್ನು ಬಿಡುತ್ತಿದ್ದೆವು. ಉಳಿದ ಅಕ್ಕಿಯನ್ನು ಬಡವರಿಗಾಗಿ ಚೀಲದಲ್ಲಿ ಕೂಡಿಡುವುದು ವಾಡಿಕೆ. ಮನೆಯಿಂದ ಬರುವ ಬಾಲಿಕೆಯರೂ ಊಟ ಬಿಟ್ಟು ಒಂದೊಂದು ಹಿಡಿ ಅಕ್ಕಿ ತರುತ್ತಿದ್ದರು. ಹೆಸರು ಕೊಡುವುದರಲ್ಲಿ ನಾವೇ ಮೊದಲಿಗರು! ಮಧ್ಯಾಹ್ನದ ಪಾಠದಲ್ಲಿ ಮುಖವನ್ನು ಬಾಡಿಸಿಕೊಂಡು, ಉಪಾಧ್ಯಾಯಿನಿಯವರು ಕಾರಣ ಕೇಳಲೆಂದು ಕಾದಿರುತ್ತಿದ್ದೆವು. ಉಪವಾಸಿಯು ಮುಖ ತೊಳೆದು ಗುಪ್ತವಾಗಿರಬೇಕೆಂಬ ಪರ್ವತ ಪ್ರಸಂಗದ ಬೋಧೆಯನ್ನು ಬಾಯಿಪಾಠ ಒಪ್ಪಿಸಿ ಬಹುಮಾನ ಪಡೆದವರೂ ನಾವೇ.

ಒಬ್ಬ ಬಾಲಿಕೆ ಮಾತ್ರ ಅಕ್ಕಿಯನ್ನು ತರುತ್ತಿರಲಿಲ್ಲ. "ನೀನೇಕೆ ಉಪವಾಸಕ್ಕೆ ಸೇರಲಿಲ್ಲ, ತಂಗೀ?" ಎಂದು ತುಸು ಗದರಿಯೇ ಕೇಳಿದೆವು.

"ಅಕ್ಕಾ, ನಮ್ಮ ಮನೆಯಲ್ಲಿ ಮಧ್ಯಾಹ್ನಕ್ಕೆ ಒಲೆ ಹಚ್ಚುವುದೇ ಇಲ್ಲ. ಇಲ್ಲದ ಊಟವನ್ನು ಬಿಟ್ಟೆನೆಂದು ದೇವರಿಗೆ ಹೇಗೆ ಹೇಳಲಿ?" ಎಂದಳು.

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಮುಂದಿನ ಶುಕ್ರವಾರ ಹೆಸರು ಕೊಡದೆ, ಅಪ್ಪಣೆ ಪಡೆದು, ನಮ್ಮ ಪಾಲಿನ ಅನ್ನವನ್ನು ಅವಳ ಬಳಿಗೆ ಒಯ್ದೆವು. "ನೀವೂ ಕುಳಿತರೆ ಉಂಡೇನು" ಎಂದಳು. ಇಬ್ಬರೂ ಒಂದೇ ಎಲೆಯಲ್ಲಿ ಉಂಡೆವು. ಹಸಿದವರೊಡನೆ ಅನ್ನವನ್ನು ಹಂಚಿಕೊಳ್ಳುವುದೇ ದೇವರು ಮೆಚ್ಚುವ ಉಪವಾಸವೆಂದು ಪ್ರವಾದಿಯಾದ ಯೆಶಾಯನು 58ನೆಯ ಅಧ್ಯಾಯದಲ್ಲಿ ಸಾರಿದ್ದು ಅಂದು ನಮಗೆ ಅರ್ಥವಾಯಿತು.

ನಮ್ಮ ಪೂರ್ವಿಕರು ಹಸಿವನ್ನು ಬಲ್ಲವರು. 1871ರಲ್ಲಿ 50 ಲಕ್ಷಕ್ಕೂ ಮಿಕ್ಕಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು, 1876-78ರ ಧಾತು-ಈಶ್ವರ ಬರದ ತರುವಾಯ, 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆ ಬರದಲ್ಲಿ ತಬ್ಬಲಿಗಳಾದ ಬಾಲಕರಿಗೆ ತುಮಕೂರಿನಲ್ಲಿಯೂ ಬಾಲಕಿಯರಿಗೆ ಹಾಸನದಲ್ಲಿಯೂ ವೆಸ್ಲಿಯನ್ ಮಿಷನ್ನಿನವರು ಅನಾಥಾಲಯಗಳನ್ನು ನಡೆಸಿದರು. ಆ ಮಕ್ಕಳಿಗೆ ಹಸಿವು ಹೊಸದಲ್ಲ. ಅನ್ಯರು ಕರೆದು ಬಡಿಸಿದ ಅನ್ನವೇ ಹೊಸದು.

ಪ್ರಿಯ ಸಹೋದರಿಯರೇ, ತಾಯಿತಂದೆಗಳೇ, ಹೊಟ್ಟೆಯನ್ನು ಬರಿದು ಮಾಡುವುದು ಸುಲಭ; ಅಹಂಕಾರವನ್ನು ಬರಿದು ಮಾಡುವುದು ಕಷ್ಟ. ನಮ್ಮ ಮಕ್ಕಳು ಊಟವನ್ನು ಬಿಡಲು ಕಲಿಯುವುದಕ್ಕೆ ಮುಂಚೆ, ಪಕ್ಕದಲ್ಲಿ ಕುಳಿತವಳು ಉಂಡಳೋ ಇಲ್ಲವೋ ಎಂದು ವಿಚಾರಿಸಲು ಕಲಿಯಲಿ. ನಾವು ಅದನ್ನು ತಡವಾಗಿ ಕಲಿತೆವು.