ಹಟ್ಟಿ ಇದ್ದ ನೆಲ

ಕಾಸರಗೋಡಿಗೆ ವರ್ಗವಾಗಿ ಬಂದ ಹೊಸತು. ಬಾಡಿಗೆ ಮನೆಯ ಯಜಮಾನರು ನನ್ನ ಮಂಚದ ಮೇಲಿದ್ದ ಕರಿಯ ಕಂಬಳಿಯನ್ನು ಮುಟ್ಟಿ, "ಇದೆಂಥದು ಮಾರಾಯ್ರೇ, ಗೋಣಿಯ ಹಾಗೆ ಚುಚ್ಚುತ್ತದೆ" ಎಂದರು. ಕುರಿಯ ಉಣ್ಣೆಯದು ಎಂದೆ. ಅವರ ಪತ್ನಿ ಮಲಯಾಳದಲ್ಲಿ "ಆಡಾ?" ಎಂದು ಕೇಳಿದರು. ಆಡಲ್ಲ, ಚೆಮ್ಮರಿಯಾಡು ಎಂದು ಹೇಳಲು ನನಗೆ ಒಂದು ವಾರ ಹಿಡಿಯಿತು. ಕಂಬಳಿಗೆ ಮಾತ್ರ ಕಷ್ಟವಾಗಲಿಲ್ಲ. ಅವರಲ್ಲಿ ಅದು ಕಂಬಿಳಿ.

ನನ್ನದು ತೆಲಂಗಾಣದ ರಾಯಿಕೋಡಿನ ಕಡೆ. 1956ರ ನವೆಂಬರ್ 1ರಂದು ನಮ್ಮ ಮಗ್ಗುಲಿನ ಜಹೀರಾಬಾದ್, ನಾರಾಯಣಖೇಡಗಳು ಬೀದರ ಜಿಲ್ಲೆಯಿಂದ, ತಾಂಡೂರು, ಕೊಡಂಗಲ್‌ಗಳು ಗುಲಬರ್ಗಾದಿಂದ ಆಂಧ್ರಪ್ರದೇಶಕ್ಕೆ ಹೋದವು. ಅದೇ ದಿನ ಕಾಸರಗೋಡು ಕೇರಳಕ್ಕೆ ಸೇರಿತು. ಆದ್ದರಿಂದ ಇಲ್ಲಿಯವರಿಗೆ ನನ್ನ ಊರಿನ ಸಂಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು. ನಾವು ಕುರುಬರು, ತೆಲುಗಿನಲ್ಲಿ ಕುರುಮರು.

ನಮ್ಮ ಕೇರಿ ಮೊದಲು ಕೇರಿಯಾಗಿರಲಿಲ್ಲ, ಹಟ್ಟಿಯಾಗಿತ್ತು. ಬಿಳಿಜೋಳದ ಕೊಯ್ಲು ಮುಗಿದರೆ ರೈತರು ಅಜ್ಜನನ್ನು ಕರೆಯುತ್ತಿದ್ದರು. ರಾತ್ರಿ ಹೊಲದಲ್ಲಿ ಹಿಂಡನ್ನು ತರುಬಿದರೆ ಹಿಕ್ಕೆ, ಗಂಜಲ ಎರಡೂ ನೆಲಕ್ಕೆ. ಮರುರಾತ್ರಿ ಮುಂದಿನ ತುಂಡು. ಕೂಲಿ ಜೋಳದ ರೂಪದಲ್ಲಿ. ಗೊಬ್ಬರದ ಆಸೆಗೆ ಊರವರೇ ದಿಬ್ಬದ ಮೇಲೆ ಜಾಗ ತೋರಿಸಿದರಂತೆ. ಮೊದಲು ಜಾಲಿಮುಳ್ಳಿನ ಬೇಲಿ. ಆಮೇಲೆ ಮರಿಗಳಿಗೊಂದು ಗುಡಿಸಲು. ಮರಿ ಇದ್ದಮೇಲೆ ಹೆಂಗಸರು ಉಳಿಯಬೇಕು, ಹೆಂಗಸರು ಉಳಿದಮೇಲೆ ಒಲೆ ಬೇಕು. ಒಂದು ಬೇವಿನ ಕೆಳಗೆ ಬೀರಪ್ಪನ ಕಲ್ಲು ಬಂತು. ಗಂಡಸರು ಮಾತ್ರ ಮೇವು ಹುಡುಕಿ ತಿಂಗಳುಗಟ್ಟಲೆ ಹೊರಗೆ. ನಾನು ಹುಟ್ಟುವ ಹೊತ್ತಿಗೆ ಮಣ್ಣಿನ ಗೋಡೆಗಳೆದ್ದಿದ್ದವು.

ಕುರಿ ಡೆಕ್ಕನಿ ತಳಿಯವು, ಹೆಚ್ಚಿನವು ಕಪ್ಪು. ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುತ್ತಿದ್ದರು. ಹೆಂಗಸರು ನೂಲುತ್ತಿದ್ದರು, ಮುದುಕರು ಕುಣಿಮಗ್ಗದಲ್ಲಿ ನೇಯುತ್ತಿದ್ದರು. ಹುಣಸೆಬೀಜದ ಗಂಜಿ ಹಚ್ಚಿ ಬಿಸಿಲಿಗೆ ಹಾಕಿದ ಕಂಬಳಿಯ ವಾಸನೆಯೇ ನನಗೆ ಬಾಲ್ಯದ ವಾಸನೆ. ಮಳೆಗೆ ಅದೇ ಕೊಪ್ಪೆ, ರಾತ್ರಿಗೆ ಅದೇ ಹಾಸಿಗೆ. (ಚುಚ್ಚುತ್ತದೆ, ಒಪ್ಪುತ್ತೇನೆ.)

ಹಿಂಡು ಕರಗಿದ್ದು ಒಂದೇ ಕಾರಣಕ್ಕಲ್ಲ. ಚೀಲದ ಗೊಬ್ಬರ ಬಂತು. ಜೋಳದ ಹೊಲಕ್ಕೆ ಹತ್ತಿ, ಕಬ್ಬು ಬಂದಮೇಲೆ ಕುರಿ ನಿಲ್ಲಿಸಲು ಖಾಲಿ ನೆಲ ಸಿಗದಾಯಿತು. ಮಂಜೀರಾ ನದಿಗೆ ಸಿಂಗೂರಿನಲ್ಲಿ ಅಣೆಕಟ್ಟಾಗಿ, ದಂಡೆಯ ಮೇವು ನೀರಿನಡಿ ಹೋಯಿತು. ಬೀದರದವರು ಗಾಯರಾಣ ಎನ್ನುವ, ನಾವು ಬಂಚರಾಯಿ ಎನ್ನುವ ಮೇವಿನ ನೆಲ ತುಂಡುತುಂಡಾಯಿತು. ಈಚೆಗೆ ನ್ಯಾಲಕಲ್, ಝರಾಸಂಗಮ್ ಮಂಡಲಗಳಲ್ಲಿ ಕೈಗಾರಿಕಾ ವಲಯಕ್ಕೆಂದು 12,000 ಎಕರೆಗೂ ಮಿಕ್ಕಿ ಗುರುತಿಸಿದ್ದಾರೆ.

2017ರ ಜೂನಿನಲ್ಲಿ ತೆಲಂಗಾಣ ಸರಕಾರ ಗೊಲ್ಲ, ಕುರುಮರಿಗೆ ಕುರಿ ಹಂಚಲು ತೊಡಗಿತು. 20 ಹೆಣ್ಣು ಕುರಿ, ಒಂದು ಟಗರು. ಬೆಲೆ 1,25,000 ರೂಪಾಯಿ, ನಮ್ಮ ಪಾಲು 31,250. ಚಿಕ್ಕಪ್ಪ ಕಟ್ಟಿದರು. ಬಂದ ಕುರಿಗಳು ಎತ್ತರದವು, ಬಿಳಿಯವು, ಮಾಂಸಕ್ಕೆ ಒಳ್ಳೆಯವು. ಮೈಮೇಲೆ ಉಣ್ಣೆಯಿಲ್ಲ, ಬರಿಯ ಕೂದಲು. ಚಿಕ್ಕಮ್ಮ ಕತ್ತರಿಯನ್ನು ಎಣ್ಣೆ ಹಚ್ಚಿ ಮೇಲಿಟ್ಟರು.

ಇನ್ನೊಂದು ಸಂಗತಿ ಹೇಳದಿದ್ದರೆ ಇದನ್ನು ಬರೆದೂ ಉಪಯೋಗವಿಲ್ಲ. ಹಿಂದೆ ನಮ್ಮ ಸೀಮೆಯ ಒಂದು ಶಾಖೆಯಲ್ಲಿದ್ದಾಗ ಒಬ್ಬ ಮುದುಕರು ಕುರಿಸಾಲದ ಅರ್ಜಿ ತಂದರು. ಕುರಿಗಳು ಎಲ್ಲಿವೆ ಎಂಬ ಜಾಗ ಖಾಲಿಯಿತ್ತು.

"ಎಲ್ಲವ ಯಜಮಾನ್ರ ಕುರಿ?"

"ಈಗ ಹೊಳಿ ಕಡೆ ಅದಾವರಿ. ಹುಣ್ಣಿಮಿಗೆ ಎಲ್ಲಿರ್ತಾವೋ."

ಖಾಯಂ ವಿಳಾಸ ಬರೆಸಿಕೊಂಡು ಬನ್ನಿ ಎಂದು ಅರ್ಜಿ ಹಿಂದಕ್ಕೆ ಕೊಟ್ಟೆ. ನಿಯಮದ ಪ್ರಕಾರ ಸರಿ. ಅವರು ಅದನ್ನು ನಾಲ್ಕು ಮಡಿಕೆ ಮಾಡಿ ರುಮಾಲಿನಲ್ಲಿ ಸಿಕ್ಕಿಸಿಕೊಂಡು ಹೋದರು, ಮತ್ತೆ ಬರಲಿಲ್ಲ. ನನ್ನ ಬಿ.ಎ. ಓದಿಗೆಂದು ಅಪ್ಪ ಮಾರಿದ ಹನ್ನೊಂದು ಕುರಿಗಳಿಗೂ ವಿಳಾಸವಿರಲಿಲ್ಲ ಎಂದು ನನಗೆ ಹೊಳೆದದ್ದು ಸಂಜೆ, ಬಸ್ಸಿನಲ್ಲಿ.

ಕಳೆದ ಆಟಿಯ ಮಳೆಯಲ್ಲಿ ಯಜಮಾನರ ಪತ್ನಿ ತಾವೇ ಕೇಳಿದರು, ಅಂಥದೊಂದು ಕಂಬಿಳಿ ತರಿಸಿಕೊಡಬಹುದೇ, ಅತ್ತೆಯವರಿಗೆ ಚಳಿ ತಡೆಯುವುದಿಲ್ಲ ಎಂದು. ಊರಿಗೆ ಫೋನು ಮಾಡಿದೆ.

"ಗಡಿಗಿ ತುಂಬ ನೂಲೈತಿ," ಎಂದಳು ಅವ್ವ. "ನೇಯೋರು ಯಾರದಾರ?"

ನನ್ನದನ್ನೇ ಮಡಚಿ ಕೊಟ್ಟೆ.